ವಾಯ್ಸ್ ರೆಕಾರ್ಡರ್‌ನಿಂದ ಫೈಲ್ ತೆಗೆಯುವಾಗ ‘ಕಟ್’ ಒತ್ತಬೇಡಿ

ಅರಕಲಗೂಡು ಕಡೆಯ ಹಳ್ಳಿಯೊಂದರಲ್ಲಿ ವಯಸ್ಸಾದ ಹೆಂಗಸರು ಹಾಡಿದ ಸೋಬಾನೆ ಪದ, ಬೀಸುವ ಪದಗಳ ಧ್ವನಿಮುದ್ರಣ ಹಾಸನದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಹಾಳಾಗಿದೆ. ರೆಕಾರ್ಡರ್‌ನಲ್ಲಿರುವುದನ್ನು ಪೆನ್ ಡ್ರೈವ್‌ಗೆ ಹಾಕಿಕೊಡಿ ಎಂದು ಕೊಟ್ಟಿದ್ದರು. ಅಂಗಡಿಯವರು ಕಾಪಿ ಬದಲು ಕಟ್ ಮಾಡಿ ಪೇಸ್ಟ್ ಮಾಡಿದರು, ಇಜೆಕ್ಟ್ (ಸುರಕ್ಷಿತವಾಗಿ ಹೊರತೆಗೆಯುವ ಆಯ್ಕೆ) ಕೊಡದೆ ಪೆನ್ ಡ್ರೈವ್ ಕಿತ್ತರು. ಮನೆಗೆ ತಂದು ನೋಡಿದರೆ ಫೈಲಿಗೆ ಹೆಸರಿದೆ, ಗಾತ್ರ ಸೊನ್ನೆ. ರೆಕಾರ್ಡರೂ ಖಾಲಿ. ಮತ್ತೆ ಹೋಗಿ ಹಾಡಿಸೋಣವೆಂದರೆ ಹಾಡಿದವರಲ್ಲಿ ಒಬ್ಬರು ತೀರಿಕೊಂಡಿದ್ದಾರೆ.

ಕಟ್ ಕೊಟ್ಟಾಗ ಕಂಪ್ಯೂಟರ್ ಮೊದಲು ಫೈಲನ್ನು ನಕಲು ಮಾಡಿ, ಮುಗಿಯಿತೆಂದು ತಿಳಿದ ಕೂಡಲೇ ಮೂಲವನ್ನು ಅಳಿಸುತ್ತದೆ. ಪರದೆಯ ಮೇಲೆ ಮುಗಿದಂತೆ ಕಂಡರೂ ಕೆಲವೊಮ್ಮೆ ಪೆನ್ ಡ್ರೈವ್‌ಗೆ ಬರೆಯುವುದು ಬಾಕಿ ಇರುತ್ತದೆ. ಆಗಲೇ ಕಿತ್ತರೆ ಎರಡೂ ಕಡೆ ಹೋಯಿತು. ರೆಕಾರ್ಡರ್‌ನಿಂದ ಅಳಿಸಿದ್ದು ರಿಸೈಕಲ್ ಬಿನ್‌ಗೂ ಬರುವುದಿಲ್ಲ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಕರೆಂಟ್ ಹೋಗಿ ಬಂದು ಮಾಡುವಾಗ ಯುಪಿಎಸ್ ಇಲ್ಲದ ಕಂಪ್ಯೂಟರ್‌ನಲ್ಲೂ ಇದೇ ಅಪಾಯ.

ಹೀಗಾಗಿಬಿಟ್ಟರೆ ರೆಕಾರ್ಡರ್ ಆಫ್ ಮಾಡಿ ಎತ್ತಿಡಿ. ಅದರಲ್ಲಿ ಹೊಸದಾಗಿ ಒಂದು ನಿಮಿಷವೂ ರೆಕಾರ್ಡ್ ಮಾಡಬೇಡಿ, ಏಕೆಂದರೆ ಅಳಿಸಿದ ಧ್ವನಿ ಇನ್ನೂ ಚಿಪ್‌ನಲ್ಲೇ ಇರಬಹುದು. ಹೊಸದು ಅದರ ಮೇಲೆಯೇ ಕೂರಬಹುದು. ‘ಫಾರ್ಮ್ಯಾಟ್ ಮಾಡಬೇಕು’, ‘ಸ್ಕ್ಯಾನ್ ಮಾಡಿ ಸರಿಪಡಿಸಲೇ’ ಎಂದು ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಹೆಸರಿಗೆ ಫೋಟೋದ್ದಾದರೂ ವೇವ್ (ಧ್ವನಿಯನ್ನು ಕುಗ್ಗಿಸದ), ಎಂಪಿ3 (ಕುಗ್ಗಿಸಿದ) ಫೈಲುಗಳನ್ನೂ ಹುಡುಕುತ್ತದೆ. ಸಿಕ್ಕಿದ್ದನ್ನು ಬೇರೆ ಡಿಸ್ಕ್‌ಗೇ ಉಳಿಸಬೇಕು, ಅದೇ ರೆಕಾರ್ಡರ್‌ಗಲ್ಲ. ಹಳೆಯ ಹೆಸರು, ದಿನಾಂಕ ಬಹುತೇಕ ಸಿಗುವುದಿಲ್ಲ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಬ್ಯಾಟರಿ ತುಂಬಿರಲಿ. ಕೇಬಲ್ ಡೇಟಾ ಹೋಗುವಂಥದ್ದಾಗಿರಲಿ. ಬರೀ ಚಾರ್ಜಿಂಗ್ ಕೇಬಲ್ ಹಾಕಿದರೆ ಕಂಪ್ಯೂಟರ್‌ಗೆ ರೆಕಾರ್ಡರ್ ಕಾಣುವುದೇ ಇಲ್ಲ, ಸಾಧನ ಕೆಟ್ಟಿದೆ ಎಂದು ಜನ ಸುಮ್ಮನೆ ರಿಪೇರಿಗೆ ಓಡುತ್ತಾರೆ. ಇಡೀ ಫೋಲ್ಡರನ್ನು ಕಾಪಿ ಮಾಡಿ ಮೊದಲು ಕಂಪ್ಯೂಟರ್‌ಗೆ, ಅಲ್ಲಿಂದ ಇನ್ನೊಂದು ಡಿಸ್ಕ್‌ಗೆ ಹಾಕಿ. ಎರಡೂ ಕಡೆ ಬೈಟ್ ಲೆಕ್ಕ (ಫೈಲಿನ ಗಾತ್ರ) ತಾಳೆ ನೋಡಿ, ಪ್ರತಿ ಫೈಲಿನ ಆರಂಭ, ನಡು, ಕೊನೆ ಕೇಳಿ. ಅದಾದ ಮೇಲಷ್ಟೇ ರೆಕಾರ್ಡರ್ ಖಾಲಿ ಮಾಡುವ ಮಾತು. ಖಾಲಿ ಮಾಡುವುದಿದ್ದರೂ ರೆಕಾರ್ಡರ್‌ನ ಮೆನುವಿನಿಂದಲೇ ಮಾಡಿ.

ಇನ್ನು ಒಂದು ಬಗೆಯ ಧ್ವನಿ ಫೈಲನ್ನು ಇನ್ನೊಂದು ಬಗೆಗೆ ಪರಿವರ್ತಿಸುವ ಮಾತು. ಫೈಲಿನ ಹೆಸರಿನ ಬಾಲ ಬದಲಿಸಿ ಎಂಪಿ3 ಎಂದು ಬರೆದರೆ ಒಳಗಿನ ಧ್ವನಿ ಎಂಪಿ3 ಆಗುವುದಿಲ್ಲ. ಸೋನಿಯ ಹಳೆಯ ರೆಕಾರ್ಡರ್‌ಗಳ ಡಿವಿಎಫ್, ಎಂಎಸ್‌ವಿ ಫೈಲುಗಳು ಸಾಮಾನ್ಯ ಪ್ಲೇಯರ್‌ಗಳಲ್ಲಿ ಓಡುವುದಿಲ್ಲ. ಆ ಕಂಪನಿಯದೇ ಡಿಜಿಟಲ್ ವಾಯ್ಸ್ ಎಡಿಟರ್‌ನಲ್ಲಿ ತೆರೆದು ವೇವ್ ಆಗಿ ಉಳಿಸಬೇಕು. ಇಂಥ ರೆಕಾರ್ಡರ್ ಇದ್ದವರು ಅದರ ಸಿಡಿಯನ್ನೂ ಹಳೆಯ ಕಂಪ್ಯೂಟರನ್ನೂ ಗುಜರಿಗೆ ಹಾಕುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ.

ಒಂದು ಗಂಟೆಯ ಮೋನೊ (ಒಂದೇ ಚಾನೆಲ್ಲಿನ) ವೇವ್ ಫೈಲು, 44.1 ಕಿಲೋಹರ್ಟ್ಸ್, 16 ಬಿಟ್‌ನಲ್ಲಿ, ಸುಮಾರು 318 ಎಂಬಿ. ಅದೇ 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಎಂಪಿ3 ಆದರೆ 29 ಎಂಬಿ. ಜಾಗ ಉಳಿಯುತ್ತದೆಂದು ಮೂಲವನ್ನು ಅಳಿಸಬೇಡಿ, ಎಂಪಿ3ಯಲ್ಲಿ ಕಳೆದ ಧ್ವನಿಯನ್ನು ಮತ್ತೆ ವೇವ್ ಮಾಡಿ ಮರಳಿ ಪಡೆಯಲಾಗದು. ವಾಟ್ಸಾಪ್‌ಗೆ ಕಳಿಸಲು ಬೇಕಾದರೆ ನಕಲಿನಿಂದ ಎಂಪಿ3 ಮಾಡಿಕೊಳ್ಳಿ. ಧ್ವನಿ ತಿದ್ದುವ ತಂತ್ರಾಂಶವಾದ ಆಡಾಸಿಟಿಯಲ್ಲಿ ‘ಸೇವ್ ಪ್ರಾಜೆಕ್ಟ್’ ಕೊಟ್ಟರೆ ಸಿಗುವುದು ಬೇರೆ ಪ್ಲೇಯರ್‌ನಲ್ಲಿ ಓಡದ ಪ್ರಾಜೆಕ್ಟ್ ಫೈಲು, ‘ಎಕ್ಸ್‌ಪೋರ್ಟ್’ ಕೊಡಬೇಕು. ಹೊಸ ಫೈಲು ಪರಿವರ್ತಿಸಿದ ದಿನಾಂಕವನ್ನೇ ತೋರಿಸುವುದರಿಂದ ಊರು, ಹಾಡಿದವರ ಹೆಸರು, ಹಾಡಿದ ದಿನವನ್ನು ಫೈಲಿನ ಹೆಸರಲ್ಲೇ ಬರೆದಿಡಿ.