ಝೆಡ್/ಓಎಸ್: ಬ್ಯಾಚ್ ನೋಡಿಕೊಳ್ಳುವವರ ಕಣ್ಣಲ್ಲಿ

ಅಮೆರಿಕದ ಒಂದು ಬ್ಯಾಂಕಿನ ಬ್ಯಾಚ್ ಜಾಬ್‌ಗಳನ್ನು (ಯಾರೂ ಎದುರು ಕೂರದೆ ತಾವೇ ಓಡುವ ಕೆಲಸಗಳು) ಬೆಂಗಳೂರಿನಿಂದ ನೋಡಿಕೊಳ್ಳುವ ತಂಡದಲ್ಲಿದ್ದೇನೆ. ಅವರ ರಾತ್ರಿಯ ಬ್ಯಾಚ್ ನಮಗೆ ಬೆಳಗಿನ ಕೆಲಸ. ಐಬಿಎಂ ಮೇನ್‌ಫ್ರೇಮ್ ಅನ್ನುವ ದೊಡ್ಡ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಝೆಡ್/ಓಎಸ್ ನಾನು ಸೇರಿದಾಗ 1.13 ಆವೃತ್ತಿಯಲ್ಲಿತ್ತು, ಈಗ 3.1ಕ್ಕೆ ಬಂದಿದ್ದೇವೆ. ನಡುವೆ ಬೇರೆ ಸಿಸ್ಟಮ್‌ಗಳನ್ನೂ ನೋಡಿದ್ದೇನೆ. ನನ್ನ ನಂಬಿಕೆ ಮಾತ್ರ ಇದರ ಮೇಲೇ ಜಾಸ್ತಿ.

ಯಾಕೆಂದರೆ, ಏನಾದರೂ ಕೆಟ್ಟಾಗ ಏನು ಕೆಟ್ಟಿತು ಅಂತ ಇದು ಬಾಯಿಬಿಟ್ಟು ಹೇಳುತ್ತದೆ. ಜಾಬ್ ಬಿದ್ದಾಗ ಆ ಪ್ರೋಗ್ರಾಂ ಬರೆದವರು ಅಮೆರಿಕದಲ್ಲಿ ಮಲಗಿರುತ್ತಾರೆ, ಇಲ್ಲವೇ ನಿವೃತ್ತರಾಗಿರುತ್ತಾರೆ. ಕೇಳೋಣ ಅಂದರೆ ಯಾರೂ ಇಲ್ಲ. ಜಾಬ್ ಅರ್ಧಕ್ಕೆ ನಿಂತಾಗ ಬರುವ ಅಬೆಂಡ್ ಕೋಡ್ ಮಾತ್ರ ಎದುರಿಗಿರುತ್ತದೆ. ಸಾಕ್ ಸೆವೆನ್ (S0C7) ಬಂದರೆ, ಅಂಕಿ ಇರಬೇಕಾದ ಫೀಲ್ಡ್‌ನಲ್ಲಿ ಬೇರೇನೋ ಕೂತಿದೆ. ಬಿ37 ಬಂದರೆ ಡೇಟಾಸೆಟ್‌ನಲ್ಲಿ, ಅಂದರೆ ಫೈಲಿನಲ್ಲಿ, ಜಾಗ ಮುಗಿದಿದೆ. 322 ಬಂದರೆ ಕೊಟ್ಟ ಸಿಪಿಯು ಸಮಯ ಮೀರಿದೆ.

ಮೆಸೇಜ್‌ಗಳು ಇನ್ನೂ ಚೆನ್ನ. ಪ್ರತಿಯೊಂದಕ್ಕೂ ಗುರುತಿನ ಸಂಖ್ಯೆ ಇದೆ. ಮೊದಲ ಅಕ್ಷರಗಳು ನೋಡಿದರೆ ಸಾಕು, ಯಾರ ಮಾತು ಅಂತ ತಿಳಿಯುತ್ತದೆ. ಡಿಎಫ್‌ಎಚ್ ಅಂದರೆ ಟ್ರಾನ್ಸಾಕ್ಷನ್ ನಡೆಸುವ ಸಿಐಸಿಎಸ್, ಡಿಎಸ್‌ಎನ್ ಅಂದರೆ ಡೇಟಾಬೇಸ್ ಆದ ಡಿಬಿ2, ಐಸಿಎಚ್ ಅಂದರೆ ಭದ್ರತೆ ನೋಡಿಕೊಳ್ಳುವ ರ‍್ಯಾಕ್‌ಎಫ್. ಕೊನೆಯ ಅಕ್ಷರ ಐ ಇದ್ದರೆ ಬರೀ ಮಾಹಿತಿ, ಎ ಇದ್ದರೆ ಆಪರೇಟರ್ ಏನಾದರೂ ಮಾಡಬೇಕು. ಕೈಪಿಡಿ ತೆರೆದರೆ ಸಿಸ್ಟಮ್ ಈಗ ಏನು ಮಾಡುತ್ತದೆ, ಆಪರೇಟರ್ ಏನು ಮಾಡಬೇಕು, ಪ್ರೋಗ್ರಾಮರ್ ಏನು ಮಾಡಬೇಕು ಅಂತ ಬೇರೆ ಬೇರೆಯಾಗಿ ಬರೆದಿರುತ್ತಾರೆ. ಬೇರೆ ಕಡೆ ‘ಏನೋ ತಪ್ಪಾಯಿತು’ ಅನ್ನುವ ಸಾಲು ನೋಡಿ ಬೇಸತ್ತವರಿಗೆ ಇದರ ಬೆಲೆ ಗೊತ್ತು.

ಇದರ ಜೊತೆ, ಸಿಸ್ಟಮ್ ತಾನೇ ಬರೆದಿಡುವ ಎಸ್‌ಎಂಎಫ್ ದಾಖಲೆಗಳಿವೆ. ಟೈಪ್ 30 ತೆಗೆದರೆ ಪ್ರತಿ ಜಾಬ್ ಎಷ್ಟು ಸಿಪಿಯು ತಿಂದಿತು, ಎಷ್ಟು ಸಲ ಡಿಸ್ಕ್ ಮುಟ್ಟಿತು ಎಲ್ಲ ಸಿಗುತ್ತದೆ. ತಿಂಗಳ ಕೊನೆಯ ಬಡ್ಡಿ ಲೆಕ್ಕದ ಜಾಬ್ ನಿಧಾನವಾದರೆ ಹೋದ ತಿಂಗಳ ದಾಖಲೆ ಪಕ್ಕದಲ್ಲಿಟ್ಟು ನೋಡುತ್ತೇವೆ. ಊಹೆಗೆ ಕೆಲಸವೇ ಇಲ್ಲ.

ಡಬ್ಲ್ಯುಎಲ್‌ಎಂ (ಕೆಲಸಗಳಿಗೆ ಸಿಪಿಯು ಹಂಚುವ ಭಾಗ) ಕೂಡ ನನಗೆ ಇಷ್ಟ. ‘ಶೇ. 90ರಷ್ಟು ಟ್ರಾನ್ಸಾಕ್ಷನ್ ಅರ್ಧ ಸೆಕೆಂಡಿನೊಳಗೆ ಮುಗಿಯಲಿ’ ಅಂತ ಗುರಿ ಬರೆದರೆ, ಯಾರಿಗೆ ಎಷ್ಟು ಸಿಪಿಯು ಅನ್ನುವುದನ್ನು ಅದೇ ನೋಡಿಕೊಳ್ಳುತ್ತದೆ.

ಹಳೆಯ ಪ್ರೋಗ್ರಾಂಗಳ ವಿಷಯದಲ್ಲಿ ಇದರ ನಿಷ್ಠೆ ದೊಡ್ಡದು. 1964ರ ಸಿಸ್ಟಮ್/360ರಿಂದ ಬಂದ ವಂಶ ಇದು. 24 ಬಿಟ್ ವಿಳಾಸದ ಕಾಲದಲ್ಲಿ ಬರೆದ ಕೋಡ್ ಮೆಮೊರಿಯ ಮೊದಲ 16 ಎಂಬಿಯೊಳಗೆ ಇವತ್ತಿಗೂ ಓಡುತ್ತದೆ.

ಇನ್ನು ಕಷ್ಟಗಳು. ಜಾಬ್ ಹೇಗೆ ಓಡಬೇಕು ಅಂತ ಬರೆಯುವ ಭಾಷೆ ಜೆಸಿಎಲ್. ಅದಕ್ಕೆ ಕಲಿಯುವವರ ಮೇಲೆ ಕರುಣೆಯೇ ಇಲ್ಲ. 71ನೇ ಕಾಲಮ್ ದಾಟುವಂತಿಲ್ಲ, ಜಾಬಿನ ಹೆಸರು ಎಂಟು ಅಕ್ಷರಕ್ಕಿಂತ ಉದ್ದ ಇರುವಂತಿಲ್ಲ. ಪ್ಯಾರಾಮೀಟರ್‌ಗಳ ನಡುವೆ ಸುಮ್ನೆ ಒಂದು ಖಾಲಿ ಜಾಗ ಬಿದ್ದರೂ ಅದರ ಮುಂದಿನದೆಲ್ಲ ಕಾಮೆಂಟ್ ಆಗಿಬಿಡಬಹುದು. ಜಾಗದ ಲೆಕ್ಕ ಇನ್ನೂ ವಿಚಿತ್ರ. 1989ರ 3390 ಡಿಸ್ಕ್ ಈಗ ಕಣ್ಣಿಗೂ ಕಾಣುವುದಿಲ್ಲ, ಆದರೂ ಟ್ರ್ಯಾಕಿಗೆ 56,664 ಬೈಟ್, ಸಿಲಿಂಡರಿಗೆ 15 ಟ್ರ್ಯಾಕ್ ಅಂತ ಅದೇ ಅಳತೆಯಲ್ಲಿ ಜಾಗ ಕೇಳುತ್ತೇವೆ. ಎಷ್ಟು ಬೇಕಾಗುತ್ತದೆ ಅಂತ ಮೊದಲೇ ಹೇಳಬೇಕು. ಬಿ37 ಅಷ್ಟು ಸಲ ಕಾಣಿಸುವುದು ಇದಕ್ಕೇ ಅಲ್ವಾ? ಇದು ಬದಲಾಗಲೇಬೇಕು.

ಖರ್ಚು ಸಣ್ಣ ಕಂಪನಿಗಳ ಕೈಗೆಟುಕುವುದಲ್ಲ. ಹಳೆಯ ಕ್ರಮದಲ್ಲಿ ನಾಲ್ಕು ಗಂಟೆಗಳ ಸರಾಸರಿ ಬಳಕೆ ತಿಂಗಳಲ್ಲಿ ಎಲ್ಲಿ ಅತಿ ಹೆಚ್ಚಾಯಿತೋ ಅದರ ಮೇಲೆ ಸಾಫ್ಟ್‌ವೇರ್ ಬಿಲ್. ಹೆಚ್ಚು ಕೆಲಸವಿರುವ ಹೊತ್ತಿನಲ್ಲಿ ಕೆಟ್ಟದಾಗಿ ಬರೆದ ಒಂದು ಕ್ವೆರಿ ಓಡಿದರೆ ಇಡೀ ತಿಂಗಳ ಬಿಲ್ ಏರಬಹುದು. ಹಾಗಾಗಿ ಜಾಬ್‌ಗಳನ್ನು ಆಚೀಚೆ ಸರಿಸುವುದೇ ಎಷ್ಟೋ ಕಡೆ ಒಂದು ಕೆಲಸ. 2019ರಲ್ಲಿ ಬೇರೆ ಬೆಲೆ ಕ್ರಮವೂ ಬಂತು. ಆದರೂ ದಿನಕ್ಕೆ ಕೆಲವೇ ಸಾವಿರ ವ್ಯವಹಾರ ಇರುವವರಿಗೆ ಇದನ್ನು ಹೇಳಲಾರೆ.

ಹೊಸ ಹುಡುಗರು ಝೋವೆ ಅನ್ನುವ ಉಪಕರಣ ಹಾಕಿಕೊಂಡು ವಿಎಸ್ ಕೋಡ್‌ನಲ್ಲೇ ಜೆಸಿಎಲ್ ತಿದ್ದುತ್ತಾರೆ, ಸ್ಪೂಲ್ (ಜಾಬಿನ ಔಟ್‌ಪುಟ್ ಸೇರುವ ಜಾಗ) ನೋಡುತ್ತಾರೆ. ಚೆನ್ನಾಗಿಯೇ ಇದೆ. ನನ್ನ ಕೈ ಮಾತ್ರ ಮೇನ್‌ಫ್ರೇಮಿನ ಹಳೆಯ ಎಡಿಟರ್ ಆದ ಐಎಸ್‌ಪಿಎಫ್‌ಗೇ ಹೋಗುತ್ತದೆ. ‘ಎಕ್ಸ್ ಆಲ್’ ಕೊಟ್ಟು ಎಲ್ಲ ಸಾಲು ಮರೆಮಾಡಿ, ‘ಎಫ್ ಆಲ್’ ಕೊಟ್ಟು ಬೇಕಾದ ಪದ ಇರುವ ಸಾಲುಗಳನ್ನಷ್ಟೇ ಎದುರಿಗೆ ತರುವ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಕಲಿಯಬೇಕು ಅನ್ನುವವರಿಗೆ ಐಬಿಎಂನ ಕಲಿಕೆಯ ತಾಣ ಝೆಡ್ ಎಕ್ಸ್‌ಪ್ಲೋರ್ ಉಚಿತ. ಮನೆಯ ಕಂಪ್ಯೂಟರಿನಲ್ಲೇ ಬೇಕೆಂದರೆ ಹರ್ಕ್ಯುಲಿಸ್ ಎಮ್ಯುಲೇಟರ್ ಮೇಲೆ ಝೆಡ್/ಓಎಸ್‌ನ ಹಿಂದಿನ ರೂಪವಾದ ಹಳೆಯ ಎಂವಿಎಸ್ 3.8 ಓಡಿಸಬಹುದು. ಡಿಬಿ2 ಇರುವುದಿಲ್ಲ, ಆದರೆ ಜೆಸಿಎಲ್‌ಗೆ ಸಾಕು. ಶುರುವಿನಲ್ಲೇ ಒಂದು ಜಾಬನ್ನು ಬೇಕೆಂದೇ ಬೀಳಿಸಿ, ಸ್ಪೂಲ್‌ನಲ್ಲಿ ಬಂದ ಒಂದೊಂದು ಮೆಸೇಜನ್ನೂ ಕೈಪಿಡಿಯಲ್ಲಿ ಹುಡುಕಿ ಓದಿ.