ಕೊಳೆತ ಮರದ ಪುಟಾಣಿಗಳನ್ನು ಗುರುತಿಸಲು ಯಾವ ಲೆನ್ಸ್? ನನ್ನ ಓಟು 10 ಎಕ್ಸ್ ಕಿಸೆ ಲೆನ್ಸಿಗೆ

ಮೊದಲೇ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ಏಳುವ ಸಣ್ಣ ಸಣ್ಣ ಅಣಬೆ, ಅಣಬೆಯ ಹಾಗೇ ಕಾಣುವ ಸ್ಲೈಮ್ ಮೋಲ್ಡ್ ಗುರುತಿಸಲು ಒಂದೇ ಒಂದು ಸಾಮಾನು ತಗೊಳ್ಳೋದಾದರೆ 10 ಎಕ್ಸ್, ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕಿಸೆ ಲೆನ್ಸ್ ತಗೊಳ್ಳಿ. ಚಿನ್ನದಂಗಡಿಯವರು ಕಣ್ಣಿಗೆ ಹಿಡಿದು ಹರಳು ನೋಡುತ್ತಾರಲ್ಲ, ಅದೇ. ನಾನು ಇದರ ಜೊತೆ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡುವ ಯುಎಸ್‌ಬಿ ಮೈಕ್ರೋಸ್ಕೋಪ್, ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್, ಕಾಗದ ಮಡಚಿ ಮಾಡುವ ಮೈಕ್ರೋಸ್ಕೋಪ್ ಆದ ಫೋಲ್ಡ್‌ಸ್ಕೋಪ್ ಮೂರನ್ನೂ ಬಳಸಿ ನೋಡಿದ್ದೇನೆ. ದುಡ್ಡು ಜಾಸ್ತಿ ಹೋಗಿದ್ದು ಯುಎಸ್‌ಬಿಗೆ. ಕೆಲಸಕ್ಕೆ ಎಲ್ಲಕ್ಕಿಂತ ಕಡಿಮೆ ಬಂದಿದ್ದೂ ಅದೇ.

ನಮ್ಮದು ಶಿರಸಿ ಕಡೆಯ ತೋಟದ ಮನೆ. ಇಂಥವನ್ನು ಹುಡುಕಲು ದೊಡ್ಡ ಕಾಡಿಗೇ ಹೋಗಬೇಕು ಅಂತಿಲ್ಲ. ಹಳ್ಳಕ್ಕೆ ಹಾಕಿದ ಅಡಿಕೆ ಮರದ ಸಂಕ, ತೋಟದಲ್ಲಿ ಉಳಿದ ಬೊಡ್ಡೆ, ಸೊಪ್ಪಿನ ಬೆಟ್ಟದಲ್ಲಿ ಬಿದ್ದ ಮತ್ತಿ ಕೊಂಬೆ, ಇಷ್ಟು ಸಾಕು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸಂಕದ ಅಡಿಯಲ್ಲಿ ಬೆಳ್ಳಗೆ, ಕೂದಲಿನಷ್ಟು ಸಪೂರ ಕಡ್ಡಿಗಳ ಗುಂಪು ಏಳುತ್ತದೆ. ಅದು ಸೆರಾಟಿಯೋಮಿಕ್ಸಾ ಅನ್ನೋ ಸ್ಲೈಮ್ ಮೋಲ್ಡ್. ಬೊಡ್ಡೆಯ ಮೇಲೆ ಗುಲಾಬಿ ಗುಂಡುಗಳು ಬಂದರೆ ಲೈಕೋಗಾಲಾ, ಅದೂ ಸ್ಲೈಮ್ ಮೋಲ್ಡೇ. ಎಳೆಯದನ್ನು ಒತ್ತಿದರೆ ಗುಲಾಬಿ ಬಣ್ಣದ ಪೇಸ್ಟಿನಂಥದ್ದು ಹೊರಗೆ ಬರುತ್ತದೆ. ಇದಕ್ಕೆ ಯಾವ ಲೆನ್ಸೂ ಬೇಡ.

ಸ್ಲೈಮ್ ಮೋಲ್ಡ್ ನೋಡಲು ಅಣಬೆಯ ಹಾಗಿದ್ದರೂ ಶಿಲೀಂಧ್ರ ಅಲ್ಲ, ಅಮೀಬಾ ಬಳಗಕ್ಕೆ ಸೇರಿದ್ದು. ಮೊದಲು ಹಳದಿ ಅಥವಾ ಬಿಳಿ ಲೋಳೆಯಾಗಿ ಮರದ ಮೇಲೆ ಹರಿದಾಡುತ್ತದೆ. ಆಮೇಲೆ ಒಂದೆರಡು ದಿನದೊಳಗೆ ಪೂರ್ತಿ ವೇಷ ಬದಲಿಸಿ ಬೀಜಾಣುವಿನ ಪುಟ್ಟ ಗುಂಡುಗಳಾಗಿ ನಿಲ್ಲುತ್ತದೆ. ಗುರುತಿಸಲು ಬೇಕಾದ ವಿವರಗಳು ಇರೋದು ಆ ಗುಂಡುಗಳಲ್ಲೇ. ಬರೀ ಲೋಳೆ ನೋಡಿ ಹೆಸರು ಹೇಳೋದು ಕಷ್ಟ. ಅಂದರೆ ಕಂಡ ಕೂಡಲೇ ನೋಡುವ ಸಾಮಾನು ಕೈಯಲ್ಲಿರಬೇಕು. ಮನೆಗೆ ಹೋಗಿ ಲ್ಯಾಪ್‌ಟಾಪ್ ತರುವಷ್ಟರಲ್ಲಿ ಮಳೆ ಬಂದು ಎಲ್ಲ ತೊಳೆದು ಹೋಗಿರುತ್ತದೆ.

ಯುಎಸ್‌ಬಿ ಮೈಕ್ರೋಸ್ಕೋಪಿನ ಡಬ್ಬಿಯ ಮೇಲೆ 1000 ಎಕ್ಸ್ ಅಂತ ದೊಡ್ಡದಾಗಿ ಇತ್ತು. ಆ ಲೆಕ್ಕ ನಂಬಬೇಡಿ. ಸ್ಕ್ರೀನ್ ದೊಡ್ಡದಾದಷ್ಟೂ ಚಿತ್ರ ಹಿಗ್ಗುತ್ತದೆ, ಹೊಸ ವಿವರ ಕಾಣಿಸೋದಿಲ್ಲ. ಹೋಗಲಿ, ಅಷ್ಟು ದೊಡ್ಡದಾಗಿ ನಮಗೆ ಬೇಕಾಗೂ ಇಲ್ಲ. ನನಗೆ ನಿಜಕ್ಕೂ ತಲೆ ಕೆಡಿಸಿದ್ದು ಅದರ ಬೆಳಕು.

ಅದರ ಮೂತಿಯ ಸುತ್ತ ಎಲ್‌ಇಡಿ ಬಲ್ಬುಗಳ ಉಂಗುರ ಇರುತ್ತದೆ. ನೋಡುವ ವಸ್ತುವಿನ ಮೇಲೆ ಬೆಳಕು ಎದುರಿನಿಂದಲೇ, ಸುತ್ತಲೂ ಒಂದೇ ಸಮ ಬೀಳುತ್ತದೆ. ಕಾಗದ, ನಾಣ್ಯ, ಬಟ್ಟೆ ನೋಡಲು ಇದು ಚೆನ್ನಾಗಿದೆ. ಆದರೆ ಮಳೆಗಾಲದ ಕೊಳೆತ ಮರದ ಮೇಲೆ ಎಲ್ಲವೂ ಒದ್ದೆ, ಎಲ್ಲವೂ ಗುಂಡಗೆ, ಎಲ್ಲವೂ ಮಿನುಗುವಂಥದ್ದು. ಪ್ರತಿ ಗುಂಡಿನ ನೆತ್ತಿಯ ಮೇಲೂ ಎಲ್‌ಇಡಿ ಉಂಗುರದ ಬಿಳಿ ಚುಕ್ಕೆಗಳು ಬಂದು ಕೂರುತ್ತವೆ. ನಾವು ಹುಡುಕುವ ವಿವರವೂ ಅಲ್ಲೇ ಇರುತ್ತದೆ.

ಡಯಾಕಿಯಾ ಲ್ಯೂಕೋಪೋಡಿಯಾ ಅನ್ನೋ ಸ್ಲೈಮ್ ಮೋಲ್ಡನ್ನೇ ನೋಡಿ. ತೋಟಕ್ಕೆ ಹಾಸಿದ ಸೊಪ್ಪು, ಕಡ್ಡಿಗಳ ಮೇಲೆ ಬರುತ್ತದೆ. ಎತ್ತರ 1ರಿಂದ 2 ಮಿ.ಮೀ. ಕಾಲು ಸುಣ್ಣದಷ್ಟು ಬಿಳಿ, ಆ ಬಿಳುಪು ನಿಜವಾಗಿಯೂ ಸುಣ್ಣದ್ದೇ. ಮೇಲಿನ ಗುಂಡು ನೀಲಿ, ನೇರಳೆ, ಹಸಿರು, ತಾಮ್ರದ ಬಣ್ಣ ಎಲ್ಲ ಹೊಳೆಸುತ್ತದೆ. ಇದು ಬಳಿದ ಬಣ್ಣ ಅಲ್ಲ. ಗುಂಡಿನ ತೀರಾ ತೆಳು ಸಿಪ್ಪೆಯಲ್ಲಿ ಬೆಳಕು ಆಡುವುದರಿಂದ ಹುಟ್ಟುವ ಬಣ್ಣ. ಬೆಳಕು ಒಂದು ಬದಿಯಿಂದ ಬಿದ್ದು, ನಾವು ತುಸು ಓರೆಯಾಗಿ ನೋಡಿದಾಗ ಅದು ಚೆನ್ನಾಗಿ ಏಳುತ್ತದೆ. ಯುಎಸ್‌ಬಿಯಲ್ಲಿ ನೋಡಿದಾಗ ನನಗೆ ಕಂಡಿದ್ದು ಕಪ್ಪು ಗುಂಡಿನ ಮೇಲೆ ಬಿಳಿ ಚುಕ್ಕೆಗಳ ಸರ, ಅಷ್ಟೇ. ಅದೇ ಕಡ್ಡಿಯನ್ನು ಜಗುಲಿಗೆ ತಂದು, ಬಾಗಿಲ ಕಡೆಯ ಬೆಳಕಿಗೆ ಓರೆ ಹಿಡಿದು ಕಿಸೆ ಲೆನ್ಸಿನಲ್ಲಿ ನೋಡಿದೆ. ನವಿಲಿನ ಕತ್ತು ನೋಡಿದಂತಿತ್ತು.

ಬಣ್ಣದ ಚಂದ ಒಂದೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಸ್ಲೈಮ್ ಮೋಲ್ಡ್ ಗುರುತಿಸುವಾಗ ಮೊದಮೊದಲು ಕೇಳಿಕೊಳ್ಳುವ ಪ್ರಶ್ನೆಗಳಲ್ಲಿ ಒಂದು, ಮೈಮೇಲೆ ಸುಣ್ಣ ಇದೆಯೋ ಇಲ್ಲವೋ ಅನ್ನೋದು. ಡಿಡಿಮಿಯಂ ಆದರೆ ಸುಣ್ಣ ಹರಳು ಹರಳಾಗಿ, ಸಕ್ಕರೆ ಪುಡಿ ಉದುರಿಸಿದ ಹಾಗೆ ಕಾಣುತ್ತದೆ. ಫೈಸಾರಂ ಆದರೆ ಹರಳಿಲ್ಲದೆ ಹಿಟ್ಟು ಹಿಟ್ಟಾಗಿ ಇರುತ್ತದೆ. ಸ್ಟೆಮೊನೈಟಿಸ್ ಮೇಲೆ ಸುಣ್ಣವೇ ಇಲ್ಲ. ಬಲ್ಬಿನ ಬಿಳಿ ಚುಕ್ಕೆ ಯಾವುದು, ಸುಣ್ಣದ ಬಿಳಿ ಚುಕ್ಕೆ ಯಾವುದು ಅಂತ ಗೊತ್ತಾಗದಿದ್ದರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ.

ಇದಕ್ಕೆ ಉಪಾಯ ಹುಡುಕದೆ ಬಿಡಲಿಲ್ಲ. ಮೂತಿಗೆ ಬಟರ್ ಪೇಪರ್ ಸುತ್ತಿದೆ. ಚುಕ್ಕೆ ಹೋಗಿ ಮಬ್ಬು ಬಂತು. ಎಲ್‌ಇಡಿ ಪೂರ್ತಿ ಆರಿಸಿ ಬದಿಯಿಂದ ಟಾರ್ಚ್ ಹಿಡಿದೆ. ಇದು ಪರವಾಗಿಲ್ಲ. ಆದರೆ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಫೋಕಸ್ ಚಕ್ರ, ತಟ್ಟೆಯ ಮೇಲೆ ಮರದ ತುಂಡು. ಚಕ್ರ ಮುಟ್ಟಿದರೆ ಸಾಕು, ಹಗುರ ಸ್ಟ್ಯಾಂಡ್ ಅಲ್ಲಾಡಿ ಚಿತ್ರ ಎಲ್ಲೋ ಹೋಗುತ್ತದೆ. ಹೀಗೆ ಒದ್ದಾಡಿ ಒಂದು ಕಡ್ಡಿ ನೋಡುವಷ್ಟರಲ್ಲಿ ಲೆನ್ಸಿನಲ್ಲಿ ಇಡೀ ಬೊಡ್ಡೆ ನೋಡಿ ಮುಗಿದಿರುತ್ತದೆ. ನಡುವೆ ಕರೆಂಟ್ ಹೋದರಂತೂ ಮುಗಿಯಿತು. ಆಷಾಢದಲ್ಲಿ ನಮ್ಮಲ್ಲಿ ಅದು ಹೋಗದ ದಿನ ಕಡಿಮೆ.

ಮೊಬೈಲ್ ಮ್ಯಾಕ್ರೋ ಲೆನ್ಸ್ ದಾಖಲೆಗೆ ಒಳ್ಳೆಯದು. ಫೋಟೋದ ನಡುಭಾಗ ಚೊಕ್ಕ, ಅಂಚೆಲ್ಲ ಮಸುಕು. ಫೋನಿಗೆ ಕವರ್ ಇದ್ದರೆ ಕ್ಲಿಪ್ ಜಾರುತ್ತದೆ. ಜೀವಿಗಳ ಫೋಟೋ ಹಾಕಿ ಹೆಸರು ತಿಳಿಯುವ ಐನ್ಯಾಚುರಲಿಸ್ಟ್ ಆಪ್‌ಗೆ ಹಾಕಲು ನಾನು ಇದನ್ನೇ ಬಳಸುತ್ತೇನೆ. ಆಪ್ ಸೂಚಿಸುವ ಹೆಸರನ್ನು ಮಾತ್ರ ಸುಮ್ನೆ ಒಪ್ಪಿಕೊಳ್ಳಬೇಡಿ. ಕುಲದ (ಜೀನಸ್) ಮಟ್ಟಿಗೆ ಹೆಚ್ಚಾಗಿ ಸರಿ ಇರುತ್ತದೆ, ಅದರಿಂದ ಆಚೆ ಅನುಮಾನವೇ.

ಫೋಲ್ಡ್‌ಸ್ಕೋಪ್ ಬಗ್ಗೆ ನನಗೆ ಗೌರವ ಇದೆ. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ತಂಡ ಮಾಡಿದ್ದು, 2014ರಲ್ಲಿ ಜಗತ್ತಿಗೆಲ್ಲ ಗೊತ್ತಾಯಿತು. ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಆದರೆ ಇದರಲ್ಲಿ ಬೆಳಕು ವಸ್ತುವನ್ನು ತೂರಿ ಬರಬೇಕು. ಮರದ ತುಂಡು ಇಟ್ಟರೆ ಕತ್ತಲೆ. ಬೀಜಾಣುವನ್ನು ಟೇಪಿಗೆ ಅಂಟಿಸಿ ನೋಡಬಹುದು. ಕುಕೈನಾ ಅಂತ ಕಿತ್ತಳೆ, ಗುಲಾಬಿ ಬಣ್ಣದ ಬಟ್ಟಲಣಬೆ ಇದೆಯಲ್ಲ, ಅದರ ಬೀಜಾಣು ದೊಡ್ಡದು, ಚೆನ್ನಾಗಿ ಕಾಣುತ್ತದೆ. ಸ್ಲೈಮ್ ಮೋಲ್ಡಿನ ಬೀಜಾಣು ಹೆಚ್ಚಾಗಿ 5ರಿಂದ 15 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್). ಅದು ದುಂಡಗಿದೆ ಅನ್ನೋದಷ್ಟೇ ಗೊತ್ತಾಗುತ್ತದೆ.

ಕಿಸೆ ಲೆನ್ಸ್ ಹಿಡಿಯೋದಕ್ಕೂ ಒಂದು ಕ್ರಮ ಇದೆ. ಲೆನ್ಸನ್ನು ಮರದ ಹತ್ತಿರ ಹಿಡಿದು ದೂರದಿಂದ ನೋಡಿದರೆ ಏನೂ ಕಾಣೋದಿಲ್ಲ. ಲೆನ್ಸನ್ನು ಕಣ್ಣಿಗೆ ಒತ್ತಿಕೊಂಡಂತೆ ಇಟ್ಟು, ಕಡ್ಡಿಯನ್ನು ಹತ್ತಿರ ತರಬೇಕು. 10 ಎಕ್ಸ್ ಆದರೆ ಎರಡರ ನಡುವೆ ಸುಮಾರು 25 ಮಿ.ಮೀ. ಜಾಗ ಉಳಿಯುತ್ತದೆ. ಬದಿಯಿಂದ ಬೆಳಕು ಬರಲು ಅಷ್ಟು ಸಾಕು. 20 ಎಕ್ಸ್ ಆದರೆ ಆ ಜಾಗ ಅರ್ಧಕ್ಕೆ ಇಳಿಯುತ್ತದೆ. ನಮ್ಮ ತಲೆಯೇ ಬೆಳಕಿಗೆ ಅಡ್ಡ ಬರುತ್ತದೆ, ಕೈ ಸ್ವಲ್ಪ ನಡುಗಿದರೂ ಫೋಕಸ್ ತಪ್ಪುತ್ತದೆ. ಜಾಸ್ತಿ ಎಕ್ಸ್ ಇದ್ದರೆ ಜಾಸ್ತಿ ಒಳ್ಳೆಯದು ಅಂತ 20, 30ಕ್ಕೆ ಹೋಗಬೇಡಿ. ಮೂರು ಗಾಜು ಸೇರಿಸಿ ಮಾಡಿದ ಟ್ರಿಪ್ಲೆಟ್ ಸಿಕ್ಕರೆ ನಾಲ್ಕು ಕಾಸು ಜಾಸ್ತಿ ಕೊಡಿ, ಅಂಚಿನಲ್ಲಿ ಬಣ್ಣ ಒಡೆಯೋದಿಲ್ಲ.

ಇಷ್ಟರಲ್ಲೇ ಎಷ್ಟೆಲ್ಲ ಕಾಣುತ್ತದೆ ಗೊತ್ತಾ? ಸ್ಟೆಮೊನೈಟಿಸ್‌ನ ಕಂದು ಕುಂಚದ ನಡುವೆ ಕಪ್ಪು ಕಾಲು ಮೇಲಿನವರೆಗೂ ಹೋಗಿರೋದು. ಆರ್ಸಿರಿಯಾಕ್ಕೆ ಮೆಲ್ಲಗೆ ಊದಿದರೆ ಬೀಜಾಣು ಹಾರಿ, ಸ್ಪ್ರಿಂಗಿನಂಥ ಜಾಲರಿ ಉಳಿಯೋದು. ಸೈಲೇರಿಯಾ ಅನ್ನೋ ಅಣಬೆಯ ಕರಿ ಬೆರಳಿನಂಥ ಮೈಮೇಲಿನ, ಬೀಜಾಣು ಹೊರಬರುವ ಸೂಜಿಮೊನೆಯಷ್ಟು ಬಾಯಿಗಳು. ಕುಕೈನಾ ಬಟ್ಟಲಿನ ಹೊರಗೆ ಉದ್ದ ಕೂದಲಿದೆಯೋ, ಬರೀ ಅಂಚಿನಲ್ಲಿ ಗಿಡ್ಡ ರೋಮ ಇದೆಯೋ ಅನ್ನೋದು. ನನ್ನ ಮಟ್ಟಿಗೆ ಕುಲದವರೆಗಿನ ಗುರುತು ಹೆಚ್ಚಿನ ಸಲ ಸಂಕದ ಮೇಲೆ ನಿಂತಲ್ಲೇ ಆಗುತ್ತದೆ.

ಕೈಯಲ್ಲಿ ದುಡ್ಡಿದ್ದವರು ಎರಡೂ ಕಣ್ಣಿಟ್ಟು ನೋಡುವ ಸ್ಟೀರಿಯೋ ಮೈಕ್ರೋಸ್ಕೋಪ್ ತಗೊಳ್ಳಬಹುದು. ದೀಪ ಬೇರೆಯಾಗಿದ್ದು, ಬದಿಗೆ ತಿರುಗಿಸಲು ಬರುವಂಥದ್ದೇ ಇರಲಿ. ನಾನು ತಗೊಳ್ಳೋದಿಲ್ಲ. ನಾನು ನೋಡೋದು ತೋಟಕ್ಕೆ ಹೋದಾಗ, ಕೊಡೆ ಹಿಡಿದುಕೊಂಡು, ಕಾಲಿಗೆ ಉಂಬಳ ಹತ್ತುವ ಮೊದಲು. ಮನೆಯೊಳಗೆ ನಾಲ್ಕು ತಿಂಗಳು ಥಂಡಿ. ಗಾಜಿನ ಮೇಲೇ ಬೂಸ್ಟು ಹಿಡಿಯುತ್ತದೆ. ಕಿಸೆ ಲೆನ್ಸನ್ನೇ ನಾನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡುತ್ತೇನೆ. ಸಾವಿರಗಟ್ಟಲೆ ರೂಪಾಯಿಯ ಸಾಮಾನನ್ನು ಹಾಗೆ ಕಾಯೋದು ನನ್ನಿಂದಾಗದು.

ಪ್ರಭೇದದ ಹೆಸರೇ ಬೇಕು ಅಂದಾಗ ಬೀಜಾಣುವಿನ ಮೇಲಿನ ಮುಳ್ಳು, ಜಾಲರಿ ನೋಡಬೇಕಾಗುತ್ತದೆ. ಅದಕ್ಕೆ ಈ ನಾಲ್ಕೂ ಸಾಲದು, ಎಣ್ಣೆ ಹಾಕಿ ನೋಡುವ ಕಾಂಪೌಂಡ್ ಮೈಕ್ರೋಸ್ಕೋಪೇ ಬೇಕು. ಅಂಥವನ್ನು ನಾನು ಮರದ ಸಿಪ್ಪೆ ಸಮೇತ ಕತ್ತರಿಸಿ ಬಚ್ಚಲ ಒಲೆ ಹತ್ತಿರ ಒಣಗಿಸಿ, ಬೆಂಕಿಪೊಟ್ಟಣದ ತಳಕ್ಕೆ ಗೋಂದಿನಿಂದ ಅಂಟಿಸುತ್ತೇನೆ. ಮೇಲೆ ತಾರೀಖು, ಜಾಗ, ಯಾವ ಮರ ಅಂತ ಪೆನ್ಸಿಲ್ಲಿನಲ್ಲಿ ಬರೆದಿಡುತ್ತೇನೆ. ಪೆನ್ನಿನ ಶಾಯಿ ಈ ಥಂಡಿಗೆ ಹರಡುತ್ತದೆ. ಮಳೆ ಬಿಟ್ಟ ಮೇಲೆ ಪೊಟ್ಟಣಗಳನ್ನೆಲ್ಲ ಕಾಲೇಜಿನಲ್ಲಿ ಬಾಟನಿ ಕಲಿಸುವ ಗೆಳೆಯರ ಹತ್ತಿರ ಒಟ್ಟಿಗೆ ಒಯ್ಯುತ್ತೇನೆ.