ಒಡೆದ ಟೈಲ್ ಲೈಟ್‌ಗೆ ಅಂಟೋ ಟೇಪೋ? ನಾಲ್ಕೂ ಹಾಕಿ ನೋಡಿದೆ

ಕಾರು ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ತಾಗಿತು. ಬಂಪರ್‌ಗೆ ಏನೂ ಆಗಲಿಲ್ಲ. ಬಲಗಡೆಯ ಟೈಲ್ ಲೈಟಿನ ಕೆಂಪು ಕವರ್ ಮಾತ್ರ ಮೂಲೆಯಲ್ಲಿ ಒಡೆದು, ಹೆಬ್ಬೆರಳು ತೂರುವಷ್ಟು ತೂತಾಯಿತು. ಅಲ್ಲಿಂದ ಎರಡು ಬಿರುಕು ಬಲ್ಬಿನ ಕಡೆಗೆ ಹೋಗಿದ್ದವು. ಹೊಸ ಲೈಟ್ ಬರಲು ಮೂರು ವಾರ ಬೇಕು ಎಂದರು. ನನ್ನ ಓಡಾಟ ಜಾಸ್ತಿ ರಾತ್ರಿಯೇ. ಕಾರು ನಿಲ್ಲುವುದು ಬಯಲಲ್ಲಿ, ಮೇಲೆ ಸೂರಿಲ್ಲ. ಹಾಗೇ ಬಿಡುವಂತಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೆಂಪು ಲೆನ್ಸ್ ರಿಪೇರಿ ಟೇಪಿಗೆ. ಬೆಳಕು ಹಾಯುವ, ಟೈಲ್ ಲೈಟಿನದೇ ಬಣ್ಣದ, ಒಂದು ಕಡೆ ಅಂಟಿರುವ ದಪ್ಪ ಟೇಪು ಅದು. ಆದರೆ ಅದು ಕೈಗೆ ಬರುವಷ್ಟರಲ್ಲಿ ಸೂಪರ್ ಗ್ಲೂ, ಎಪಾಕ್ಸಿ, ಪ್ಯಾಕಿಂಗ್ ಟೇಪು ಮೂರಕ್ಕೂ ದುಡ್ಡು ಹಾಕಿಯಾಗಿತ್ತು.

ಸೂಪರ್ ಗ್ಲೂನಿಂದ ಶುರು ಮಾಡಿದೆ. ಒಡೆದ ಚೂರುಗಳನ್ನು ಕಂಬದ ಬುಡದಿಂದ ಆರಿಸಿ ತಂದಿದ್ದೆ. ಎರಡು ದೊಡ್ಡ ಚೂರು ಸರಿಯಾಗಿ ಕೂತವು. ಸಂಜೆ ನೋಡಿದಾಗ ತುಂಬಾ ಖುಷಿಯಾಗಿತ್ತು. ಬೆಳಿಗ್ಗೆ ನೋಡಿದರೆ ಕೂಡಿಸಿದ ಜಾಗದ ಸುತ್ತ ಬಿಳಿ ಪುಡಿ, ಬೂದಿ ಉದುರಿಸಿದ ಹಾಗೆ. ಅಂಟು ಒಣಗುವಾಗ ಏಳುವ ಆವಿ ಅಕ್ಕಪಕ್ಕ ಕೂತು ಹೀಗಾಗುತ್ತದೆ. ಹೊರಗಿನದು ಬಟ್ಟೆಗೆ ಬಂತು. ಒಳಗಿನದಕ್ಕೆ ಕೈ ಹೋಗುವುದಿಲ್ಲ. ಆ ಭಾಗದಲ್ಲಿ ಬೆಳಕು ಮಂಕಾಗಿಯೇ ಉಳಿಯಿತು.

ಅದನ್ನು ಕರಗಿಸಲು ನೇಲ್ ಪಾಲಿಷ್ ರಿಮೂವರ್ ಹಚ್ಚಲು ಹೊರಟಿದ್ದೆ. ಪುಣ್ಯಕ್ಕೆ ಮೊದಲು ಒಂದು ಸಣ್ಣ ಚೂರಿನ ಮೇಲೆ ಹಚ್ಚಿ ನೋಡಿದೆ. ಉಜ್ಜುತ್ತಿದ್ದ ಹಾಗೇ ಹೊಳಪು ಹೋಗಿ, ಮೇಲ್ಮೈ ಅಂಟಂಟಾಗಿ, ಬೆರಳಿನ ಗುರುತು ಮೂಡಿತು. ಟೈಲ್ ಲೈಟ್ ಕವರ್ ಸಾಮಾನ್ಯವಾಗಿ ಅಕ್ರಿಲಿಕ್. ರಿಮೂವರಿನಲ್ಲಿ ಸಾಮಾನ್ಯವಾಗಿ ಇರುವ ಅಸಿಟೋನ್, ಪೇಂಟಿನ ಥಿನ್ನರ್ ಎರಡೂ ಅದನ್ನೇ ತಿನ್ನುತ್ತವೆ. ದಯವಿಟ್ಟು ಅವನ್ನು ಹತ್ತಿರಕ್ಕೂ ತರಬೇಡಿ.

ಇಷ್ಟಾಗಿಯೂ ಅಂಟು ಬಾಳಿದ್ದು ನಾಲ್ಕು ದಿನ. ಸೂಪರ್ ಗ್ಲೂ ಒಣಗಿದ ಮೇಲೆ ಪೆಡಸು. ಡಿಕ್ಕಿ ಬಾಗಿಲು ಒಂದು ಸಲ ಜೋರಾಗಿ ಹಾಕಿದ್ದಕ್ಕೆ ಅದೇ ಗೆರೆಯಲ್ಲಿ ಮತ್ತೆ ಬಿಟ್ಟುಕೊಂಡಿತು.

ಎಪಾಕ್ಸಿ ಗಟ್ಟಿ, ಅದರಲ್ಲಿ ಮಾತಿಲ್ಲ. ಎರಡು ಟ್ಯೂಬಿನದನ್ನು ಸಮಸಮ ಕಲಸಬೇಕು. ಐದು ನಿಮಿಷದ್ದು ಎಂದು ಬರೆದಿದ್ದರೂ ಪೂರ್ತಿ ಗಟ್ಟಿಯಾಗಲು 24 ಗಂಟೆ ಬಿಡುವುದು ಒಳ್ಳೆಯದು. ಬಿಸಿಲಿಗೆ ಹಳದಿಯಾಗುತ್ತದೆ. ಚೂರೇ ಕಳೆದುಹೋದ ಕಡೆ ಅದಕ್ಕೆ ಹಿಡಿದು ನಿಲ್ಲಲು ಏನೂ ಇರುವುದಿಲ್ಲ. ಲೈಟನ್ನು ಕಾರಿನ ಮೈಗೆ ಹಿಡಿದಿಡುವ ಪ್ಲಾಸ್ಟಿಕ್ ಕಿವಿ ಮುರಿದಿದ್ದರೆ ಮಾತ್ರ ಎಪಾಕ್ಸಿಯನ್ನೇ ತಗೊಳ್ಳಿ, ಟೇಪು ಆ ಕೆಲಸಕ್ಕೆ ಬರುವುದಿಲ್ಲ.

ಪಾರದರ್ಶಕ ಪ್ಯಾಕಿಂಗ್ ಟೇಪು ಮನೆ ಮುಟ್ಟಲು ಸಾಕು, ಅಷ್ಟೇ. ತೂತಿನಿಂದ ಬಿಳಿ ಬೆಳಕು ಹಾಗೇ ಹೊರಗೆ ಬರುತ್ತದೆ. ಹಿಂದೆ ಬರುವವರಿಗೆ ರಿವರ್ಸ್ ಲೈಟ್ ಹತ್ತಿದ ಹಾಗೆ ಕಂಡರೆ ಅಪಾಯ ಅಲ್ವಾ? ಅದರ ಮೇಲೆ ಕೆಂಪು ನೇಲ್ ಪಾಲಿಷ್ ಬಳಿದೂ ನೋಡಿದೆ. ಒಂದು ಕೈ ಬಳಿದರೆ ಗೆರೆಗೆರೆ, ಎರಡು ಕೈ ಬಳಿದರೆ ಕತ್ತಲೆ. ಬ್ರೇಕ್ ಒತ್ತಿದ್ದೇ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಕೆಂಪು ಟೇಪು ಬಂತು. ಅದೂ ಮೊದಲ ಸಲ ಕೈಕೊಟ್ಟಿತು. ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಯಾವ ಮದ್ದು ಹಾಕಿದರೂ ಇದು ಕಾಡುತ್ತದೆ.

ಹಿಂದಿನ ರಾತ್ರಿ ಮಳೆ ಬಂದಿತ್ತು. ಹೊರಗಡೆ ಚೆನ್ನಾಗಿ ಒರೆಸಿ, ಒಳಗೆ ಕಣ್ಣಾಡಿಸಿ, ಒಣಗಿದೆ ಅಂದುಕೊಂಡೆ. ಒಂದು ಹನಿಯೂ ಹೋಗಬಾರದು ಎಂದು ತೂತಿನಿಂದ ಹಿಡಿದು ಲೈಟಿನ ಕೆಳಗಿನ ಅಂಚಿನವರೆಗೂ ಟೇಪು ಎಳೆದು, ಅಂಚನ್ನೂ ಸುತ್ತಿಬಿಟ್ಟೆ. ಎರಡು ದಿನಕ್ಕೆ ಒಳಗೆ ಮಂಜು. ಮೂರನೇ ಬೆಳಿಗ್ಗೆ ಒಳಮೈ ತುಂಬಾ ಸಾಸಿವೆ ಕಾಳಿನಂಥ ಹನಿಗಳು. ಲೈಟ್ ಹಾಕಿದರೆ ಬಿಸಿಗೆ ಆವಿ, ಆರಿಸಿದರೆ ಮತ್ತೆ ಹನಿ. ಟೇಪಿನ ಅಂಚಿನಿಂದ ನೀರು ನುಗ್ಗುತ್ತಿದೆ ಎಂದು ತಿಳಿದು ಅದರ ಮೇಲೆ ಇನ್ನೊಂದು ಸುತ್ತು ಹಾಕಿದೆ. ಇನ್ನೂ ಜಾಸ್ತಿಯಾಯಿತು. ವಾರದ ಕೊನೆಗೆ ಆ ಕಡೆಯ ಬ್ರೇಕ್ ಲೈಟ್ ಹತ್ತುವುದೇ ನಿಂತಿತು.

ಬಲ್ಬ್ ಹೋಲ್ಡರನ್ನು ತಿರುಗಿಸಿ ಹೊರಗೆ ತೆಗೆದಾಗ ಬೆರಳಿಗೆ ನೀರು ತಗುಲಿತು. ಬಲ್ಬಿನ ಬುಡ ತಾಗುವ ಹಿತ್ತಾಳೆ ಪಟ್ಟಿಯ ಮೇಲೆ ಹಸಿರು ಕಿಲುಬು. ನನ್ನದು ಎರಡು ತಂತಿಯ ಬಲ್ಬು. 5 ವಾಟಿನದು ಹಿಂದಿನ ದೀಪಕ್ಕೆ, 21 ವಾಟಿನದು ಬ್ರೇಕಿಗೆ. ಬ್ರೇಕಿನ ಕಡೆಯ ಪಟ್ಟಿಗೇ ಕಿಲುಬು ಹಿಡಿದಿತ್ತು. ಸಣ್ಣ ಉಪ್ಪುಕಾಗದದಿಂದ ಉಜ್ಜಿ, ಒಣಗಿಸಿ ಹಾಕಿದ ಮೇಲೆ ಹತ್ತಿತು.

ತಪ್ಪು ಟೇಪಿನದಲ್ಲ. ಇಂಥ ಲೈಟಿನ ಡಬ್ಬಿಗೆ ಉಸಿರಾಡಲು ಸಣ್ಣ ಕಿಂಡಿ ಬಿಟ್ಟಿರುತ್ತಾರೆ. ಒಳಗಿನ ತೇವ ಹೋಗುವುದು ಅಲ್ಲಿಂದಲೇ. ನನ್ನ ಲೈಟಿನಲ್ಲಿ ಅದು ಕೆಳಗಿನ ಅಂಚಿನಲ್ಲಿತ್ತು, ನಾನು ಅದನ್ನೇ ಮುಚ್ಚಿದ್ದೆ. ಒಳಗೆ ಇದ್ದ ತೇವಕ್ಕೆ ಹೋಗಲು ದಾರಿಯೇ ಇರಲಿಲ್ಲ. ಎಪಾಕ್ಸಿ ತುಂಬಿದರೂ, ಸಿಲಿಕಾನ್ ಬಳಿದರೂ ಕಿಂಡಿ ಮುಚ್ಚಿದರೆ ಇದೇ ಕಥೆ. ಅಂದಹಾಗೆ ಸಿಲಿಕಾನಿನಲ್ಲಿ ವಿನೆಗರಿನಂತೆ ಹುಳಿ ವಾಸನೆ ಬರುವ ಬಗೆ ಬೇಡ, ಅದರ ಆಮ್ಲ ಹಿತ್ತಾಳೆ ತಾಮ್ರಕ್ಕೆ ಆಗಿಬರುವುದಿಲ್ಲ.

ಎರಡನೇ ಸಲ ಅವಸರ ಮಾಡಲಿಲ್ಲ. ಲೈಟನ್ನು ಪೂರ್ತಿ ಬಿಚ್ಚಿ, ಬಲ್ಬ್ ತೆಗೆದು, ಒಂದು ದಿನ ಮನೆಯೊಳಗೆ ತೂತು ಕೆಳಗೆ ಮಾಡಿ ಇಟ್ಟೆ. ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ, ದೂರದಿಂದ ಹಿಡಿದೆ. ಸೋಪು ನೀರಿನಿಂದ ಹೊರಮೈ ತೊಳೆದು ಒಣಗಿಸಿದೆ. ವ್ಯಾಕ್ಸ್ ಇದ್ದರೆ ಟೇಪು ಕಚ್ಚುವುದಿಲ್ಲ, ಅದಕ್ಕೇ ತೊಳೆಯುವುದನ್ನು ಬಿಡಬೇಡಿ. ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕುತ್ತಾ ಹೋದೆ, ಮೇಲಿನ ಪಟ್ಟಿ ಕೆಳಗಿನದರ ಮೇಲೆ ಸ್ವಲ್ಪ ಬರುವ ಹಾಗೆ. ಹೆಂಚು ಹೊದಿಸುವುದೂ ಹೀಗೇ ಅಲ್ವಾ, ನೀರು ಸಂದಿಗೆ ಇಳಿಯದೆ ಜಾರಿಹೋಗುತ್ತದೆ. ಪಟ್ಟಿಯ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿದೆ. ಚೂಪು ಮೂಲೆ ಬೇಗ ಏಳುತ್ತದೆ. ಕಿಂಡಿಯಿಂದ ಎರಡು ಬೆರಳು ಮೇಲೆಯೇ ಟೇಪು ನಿಲ್ಲಿಸಿದೆ. ಮತ್ತೆ ಮಂಜು ಕಾಣಲಿಲ್ಲ.

ಆಮೇಲೆ ರಾತ್ರಿ ಕಾರಿನ ಹಿಂಬದಿಯನ್ನು ಗೋಡೆಗೆ ಮಾಡಿ ನಿಲ್ಲಿಸಿ, ಬ್ರೇಕ್ ಒತ್ತಿ, ಕನ್ನಡಿಯಲ್ಲಿ ನೋಡಿದೆ. ಗೋಡೆಯ ಮೇಲೆ ಎರಡೂ ಕಡೆ ಒಂದೇ ಕೆಂಪು. ಇನ್ನೊಬ್ಬರನ್ನು ಕರೆಯದೆ ನೋಡಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಹೆಡ್‌ಲೈಟ್ ಗಾಜಿನ ಮುಂಭಾಗ ಒಡೆದಿದ್ದರೆ ಈ ಯಾವುದನ್ನೂ ಹಚ್ಚಬೇಡಿ. ಅಲ್ಲಿ ಬಿಸಿ ಜಾಸ್ತಿ, ಬೆಳಕೂ ಚೆದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅಂಚಿನಲ್ಲಿ, ಬೆಳಕು ಹಾಯದ ಕಡೆ ಬಿರುಕಿದ್ದರೆ ಪಾರದರ್ಶಕ ಟೇಪು ಹಾಕಿ ಕೆಲವು ದಿನ ತಳ್ಳಬಹುದು.

ನಿಮ್ಮ ಕಾರು ಶೆಡ್ಡಿನಲ್ಲಿ ನಿಲ್ಲುತ್ತಿದ್ದು, ಚೂರುಗಳೆಲ್ಲ ಸಿಕ್ಕಿದ್ದು, ಕೂತು ಕೂಡಿಸುವ ತಾಳ್ಮೆಯೂ ಇದ್ದರೆ ಎಪಾಕ್ಸಿ ಚೆನ್ನಾಗಿಯೇ ಕಾಣುತ್ತದೆ. ನನಗೆ ಆ ಅನುಕೂಲ ಇರಲಿಲ್ಲ. ಕಳೆದ ಚೂರಿನ ಜಾಗ ಮುಚ್ಚಬೇಕಿತ್ತು, ಬಣ್ಣ ಕೆಂಪೇ ಇರಬೇಕಿತ್ತು, ಹೊಸ ಲೈಟಿಗೆ ತೆಗೆದಿಟ್ಟ ದುಡ್ಡು ಮುಟ್ಟುವ ಹಾಗಿರಲಿಲ್ಲ. ಟೇಪು ತಪ್ಪಿದರೆ ಕಿತ್ತು ಮತ್ತೆ ಹಾಕಬಹುದು, ಅಂಟಿನಲ್ಲಿ ಅದು ಆಗುವುದಿಲ್ಲ. ತೊಳೆಸುವಾಗ ಪ್ರೆಶರ್ ನೀರನ್ನು ಆ ಕಡೆಗೆ ಬಿಡದಂತೆ ಹೇಳುತ್ತಿದ್ದೆ, ಅಷ್ಟೇ.

ಮೂರು ವಾರ ಎಂದಿದ್ದು ಐದು ವಾರವಾಯಿತು. ಹಳೆಯ ಲೈಟ್ ಬಿಚ್ಚಿದ ದಿನ ಟೇಪು ಇನ್ನೂ ಬಿಗಿಯಾಗಿ ಕೂತಿತ್ತು. ಒಂದೇ ಒಂದು ಮೂಲೆ ಎದ್ದು, ಅದರಡಿ ಧೂಳು ಸೇರಿತ್ತು. ನಾನು ದುಂಡಗೆ ಕತ್ತರಿಸಲು ಮರೆತಿದ್ದ ಮೂಲೆ ಅದು.